ಕಡೇ ತೂಬಿನ ಸೊನ್ನೆ

ಸೊನ್ನೆ ಎನ್ನುವುದೇ ಇನ್ನು ಮುಂದೆ ನಮ್ಮ ನಾಲೆಯಲ್ಲಿ ಇರಕೂಡದು ಎಂದು ರಘುನಂದನ್ ಸಾಹೇಬರು ಅಪ್ಪಣೆ ಕೊಡಿಸಿದ್ದು ಒಂದು ಸೋಮವಾರ ಬೆಳಿಗ್ಗೆ. ಅವರು ಮಂಡ್ಯದ ನಾಲೆ ಕಚೇರಿಯ ಎಂಜಿನಿಯರು. ನಾನು ಮೋಹಿನಿ, ಅದೇ ಕಚೇರಿಯ ಡೇಟಾಬೇಸ್ ನೋಡಿಕೊಳ್ಳುವವಳು, ಗುತ್ತಿಗೆಯ ಮೇಲೆ. ಗುತ್ತಲಿನ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಚೇರಿಯಲ್ಲಿ ಹೆಸರಾಗಿದೆ. ಅದೇನೂ ಸುಳ್ಳಲ್ಲ.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಾಲೆಯ ಉದ್ದಕ್ಕೂ ತೂಬುಗಳಿವೆ. ಪ್ರತಿ ತೂಬಿನ ಪಕ್ಕದಲ್ಲಿ ಅಡಿಯ ಗೆರೆ ಎಳೆದ ಒಂದು ಗೇಜು ಕಲ್ಲು. ನೀರು ಬಿಡುವ, ಕಟ್ಟುವ ನೀರುಗಂಟಿ ದಿನಕ್ಕೊಮ್ಮೆ ಅಲ್ಲಿಗೆ ಹೋಗಿ, ನೀರು ಯಾವ ಗೆರೆ ಮುಟ್ಟಿದೆ ಎಂದು ನೋಡಿ, ಫೋನಿನಲ್ಲಿ ಒತ್ತಬೇಕು. ಆ ಅಂಕಿ ಬಂದು ಕೂರುವುದು ನನ್ನ ಡೇಟಾಬೇಸಿನಲ್ಲಿ. ಅದು ಒಂದೇ ಯಂತ್ರದಲ್ಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ, ಮೂರು ಕಚೇರಿಗಳಲ್ಲಿ ಮೂರು ಸರ್ವರ್. ಒಂದರಲ್ಲಿ ಬರೆದದ್ದು ಉಳಿದ ಎರಡಕ್ಕೂ ಹೋಗುತ್ತದೆ. ಒಂದು ಊರಿನಲ್ಲಿ ಕರೆಂಟು ಹೋದರೂ ಮಿಕ್ಕ ಎರಡು ಊರು ಮರೆಯುವುದಿಲ್ಲ. ಈ ಏರ್ಪಾಟು ಮಾಡಿದ್ದು ನಾನು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ.

"ಶುಕ್ರವಾರ ಬೆಂಗಳೂರಿಂದ ದೊಡ್ಡವರು ಬರ್ತಾರೆ," ಎಂದರು ಸಾಹೇಬರು. "ನಕ್ಷೆ ಪೂರ್ತಿ ಹಸಿರು ಕಾಣಬೇಕು. ಸೊನ್ನೆ ಬಂದ ತೂಬೆಲ್ಲ ಕೆಂಪು ತೋರಿಸ್ತಾ ಇದೆ. ನೀನೊಂದು ನಿಬಂಧನೆ ಹಾಕು. ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ತಗೋಬೇಕು, ಸೊನ್ನೆ ಒತ್ತಿದರೆ ತಪ್ಪು ಅಂತ ವಾಪಸ್ ಕಳಿಸಬೇಕು."

"ನೀರೇ ಇಲ್ಲದಿದ್ದರೆ ಸರ್?"

"ಇಲ್ಲದೆ ಏನು? ಮೇಲಿಂದ ಬಿಟ್ಟಿದ್ದೀವಲ್ಲ. ಸೊನ್ನೆ ಒತ್ತೋರೆಲ್ಲ ತೂಬಿಗೇ ಹೋಗದ ಸೋಮಾರಿಗಳು. ಮನೇಲಿ ಕೂತ್ಕೊಂಡು ಒತ್ತುತಾರೆ. ಬೇಕಾದರೆ ಮದ್ದೂರಿನೋರನ್ನ ಕೇಳು."

ಹೇಳುತ್ತಲೇ ಒಂದು ಚೀಟಿ ಮುಂದಿಟ್ಟರು. ಅದರಲ್ಲಿ ಒಂದೇ ಹೆಸರಿತ್ತು: ಚೌಡಯ್ಯ, ಪೂರಿಗಾಲಿ ಕಡೇ ತೂಬು, ಅರವತ್ತು ದಿನದಲ್ಲಿ ನಲವತ್ತೇಳು ಸೊನ್ನೆ. ಇವನನ್ನು ಶುಕ್ರವಾರದೊಳಗೆ ತೆಗೆಯುತ್ತೇನೆ, ದಿನಗೂಲಿಯವನಾದ್ದರಿಂದ ನೋಟಿಸೂ ಬೇಕಿಲ್ಲ ಎಂದು ಅವರು ಟೀ ಹೇಳುವಷ್ಟೇ ಸಲೀಸಾಗಿ ಹೇಳಿದರು. ನನಗೆ ಆಗಲೇ ಮೈ ಉರಿಯಿತು. ಆದರೂ ಅಂಕಿ ನೋಡದೆ ಜಗಳ ಆಡಬಾರದು ಎಂದು ಬಾಯಿ ಮುಚ್ಚಿಕೊಂಡು ಬಂದೆ.

ನಿಬಂಧನೆ ಹಾಕುವುದು ಗೋಡೆಗೆ ಮೊಳೆ ಹೊಡೆದ ಹಾಗಲ್ಲ. ಹಾಕಿದ ಗಳಿಗೆಯಿಂದ ಹೊಸದಾಗಿ ಬರುವ ಪ್ರತಿ ಸಾಲನ್ನೂ ಅದು ಬಾಗಿಲಲ್ಲೇ ತಡೆದು ನೋಡುತ್ತದೆ. ಆಮೇಲೆ ಮೂರೂ ಊರಿನ ಹಳೆಯ ಸಾಲುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತದೆ. ಎಲ್ಲಾದರೂ ಒಂದೇ ಒಂದು ಸಾಲು ಹೊಂದಲಿಲ್ಲ ಎಂದರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ, ಜಪ್ಪಯ್ಯ ಎಂದರೂ ಮುಂದೆ ಹೋಗುವುದಿಲ್ಲ. ಸಾಹೇಬರು ಹೇಳಿದ್ದನ್ನು ಒಂದು ನಕಲು ಪ್ರತಿಯ ಮೇಲೆ ಹಾಕಿ ನೋಡಿದೆ. ಮದ್ದೂರಿನಲ್ಲಿ ನಿಂತಿತು, ಮಳವಳ್ಳಿಯಲ್ಲೂ ನಿಂತಿತು. ಅಡ್ಡ ಬಂದ ಸೊನ್ನೆಗಳನ್ನೆಲ್ಲ ಹುಡುಕಿ ವಾರದ ಪ್ರಕಾರ ಜೋಡಿಸಿದಾಗ ಮದ್ದೂರಿನವು ಬಹುಮಟ್ಟಿಗೆ ಸೋಮವಾರದವೇ ಆಗಿದ್ದವು.

ಮದ್ದೂರು ಕಚೇರಿಯ ಶಶಿಧರ್‌ಗೆ ಫೋನ್ ಮಾಡಿದೆ. ನಾವಿಬ್ಬರೂ ಒಂದೇ ಕಾಲೇಜಿನವರು, ಮುಚ್ಚುಮರೆಯಿಲ್ಲ.

"ಸ್ವಾಮಾರ ಯಾರೂ ನಾಲೆ ತಾಕೆ ಓಗಾಕಿಲ್ಲ ಕಣೆ," ಎಂದ. "ಬಸವಣ್ಣನ ವಾರ. ಎತ್ತಿನ ಎಗಲ ಮ್ಯಾಲೆ ನೊಗ ಇಡಂಗಿಲ್ಲ, ಆರು ಕಟ್ಟಂಗಿಲ್ಲ. ನೀರು ಕೇಳೋರ್ ಯಾರು?"

"ಎತ್ತು ಎಲ್ಲವೋ ಈಗ? ಊರಿಗೆಲ್ಲ ಟ್ರ್ಯಾಕ್ಟರ್ ಅಲ್ವಾ?"

"ಎತ್ತು ಓದ್ರೆ ಸ್ವಾಮಾರನೂ ಓಯ್ತದಾ? ನೀನ್ ಮಾಡಿರೋ ಆ್ಯಪು ಏನಾರ ಒತ್ತು, ಒತ್ತು ಅಂತ ಬಡ್ಕತದೆ. ಸೊನ್ನೆ ಒತ್ತಿ ಮನೀಕತಾರೆ."

ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ತಪ್ಪು ನನ್ನದೇ. ಅಂಕಿ ಒತ್ತದೆ ಮುಂದೆ ಹೋಗಲು ಬಾರದ ಹಾಗೆ ಆ ಆ್ಯಪ್ ಬರೆದವಳು ನಾನು. 'ಇವತ್ತು ಹೋಗಿಲ್ಲ' ಎಂದು ಹೇಳಲು ಅವರಿಗೆ ಜಾಗವನ್ನೇ ಇಟ್ಟಿರಲಿಲ್ಲ. ಅಂಕಿಯನ್ನು ಕಡ್ಡಾಯ ಮಾಡಿ, ಬರೆಯುವವರ ಹೆಸರನ್ನು ಮಾತ್ರ ಇಷ್ಟವಿದ್ದರೆ ತುಂಬಿ ಎಂದು ಬಿಟ್ಟಿದ್ದೆ. ಸಾಹೇಬರು ಮದ್ದೂರಿನ ಸೋಮವಾರಗಳನ್ನು ನೋಡಿ ಇಡೀ ನಾಲೆಯ ಸೊನ್ನೆಗೆ ಸೋಮಾರಿ ಎಂದು ಹೆಸರಿಟ್ಟಿದ್ದರು. ಆದರೆ ಮಳವಳ್ಳಿಯ ಚೌಡಯ್ಯನ ಸೊನ್ನೆಗಳು ಎಲ್ಲ ವಾರಗಳಲ್ಲೂ ಇದ್ದವು, ಬೆಳಿಗ್ಗೆ ಆರೂವರೆಯಿಂದ ಏಳರೊಳಗೆ ಬಂದಿದ್ದವು. ಮನೆಯಲ್ಲಿ ಮಲಗುವವನು ಎರಡು ತಿಂಗಳು ಅಷ್ಟು ಬೆಳಿಗ್ಗೆ ಎದ್ದು ಸುಳ್ಳು ಹೇಳುತ್ತಾನೆಯೇ? ನೋಡಿಯೇ ಬರಬೇಕು ಅನ್ನಿಸಿತು.

ಮಂಗಳವಾರ ರಜೆ ಹಾಕಿ ಮಳವಳ್ಳಿಗೆ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ಪೂರಿಗಾಲಿಯಲ್ಲಿ ನೀರುಗಂಟಿ ಚೌಡಯ್ಯನ ಮನೆ ಯಾವುದೆಂದು ಯಾರನ್ನು ಕೇಳಿದರೂ ಕೈ ತೋರಿಸಿದರು. ಅರವತ್ತು ದಾಟಿದ ಸಣಕಲು ಮನುಷ್ಯ, ಕಿವಿಯ ಹತ್ತಿರ ಮಾತ್ರ ಕಪ್ಪು ಉಳಿದ ಕೂದಲು. ಹೆಂಡತಿ ಪಟ್ಟಲಮ್ಮ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ನಾನು ಮಂಡ್ಯ ಕಚೇರಿಯವಳು ಎಂದ ಕೂಡಲೇ ಇಬ್ಬರ ಮುಖವೂ ಬಿಗಿಯಿತು.

"ನಾನು ತೆಗೆಯೋಕೆ ಬಂದೋಳಲ್ಲ, ನೋಡೋಕೆ ಬಂದೋಳು," ಎಂದೆ. "ಚೌಡಯ್ಯಣ್ಣ, ತೂಬು ತೋರಿಸು."

ಕಾಲು ಗಂಟೆ ನಡೆದೆವು. ನಾಲೆಯ ತಳ ಬಿರುಕು ಬಿಟ್ಟಿತ್ತು. ಗೇಜು ಕಲ್ಲಿನ ಬುಡದಲ್ಲಿ ಕೋಳಿಯೊಂದು ಮಣ್ಣು ಕೆದಕುತ್ತಿತ್ತು. ಕೆಳಗಡೆ ಗದ್ದೆಗಳಲ್ಲಿ ಪೈರು ಮೊಣಕಾಲಿಗೂ ಬಾರದೆ ಬಿಳಿಚಿಕೊಂಡಿತ್ತು.

"ಎರಡು ತಿಂಗ್ಳಿಂದ ಒಂದು ತೊಟ್ಟಿಲ್ಲ ಕಣವ್ವ," ಎಂದ ಚೌಡಯ್ಯ. "ದಿನಾ ಬತ್ತೀನಿ, ನೋಡ್ತೀನಿ, ಸೊನ್ನೆ ಒತ್ತೀನಿ. ಅರವತ್ತು ಸೊನ್ನೆ ಒತ್ತಿವ್ನಿ."

"ಅರವತ್ತಾ? ನಮ್ಮಲ್ಲಿ ನಲವತ್ತೇಳು ಅಂತದೆ."

"ಅರವತ್ತು. ಒಂದ್ ದಿನಾನೂ ತಪ್ಸಿಲ್ಲ. ಮಿಕ್ಕ ಅದ್ಮೂರು ಎಲ್ಲೋಯ್ತು?"

ನನಗೆ ಗೊತ್ತಿರಲಿಲ್ಲ. ಅವನಿಗೆ ಮಾತ್ರ ಅದರ ಫಲ ಚೆನ್ನಾಗಿ ಗೊತ್ತಿತ್ತು. ಮಳವಳ್ಳಿ ಕಚೇರಿಯ ಗೋಡೆಗೆ ಪ್ರತಿ ತಿಂಗಳೂ ಪಟ್ಟಿ ಅಂಟಿಸುತ್ತಾರೆ. ಅದರಲ್ಲಿ ಹದಿಮೂರು ದಿನ ಪೂರಿಗಾಲಿ ಕಡೇ ತೂಬಿಗೆ ಅರ್ಧ ಅಡಿ ನೀರು ಬಂದಿತ್ತು ಎಂದಿತ್ತಂತೆ. ಅದನ್ನು ಓದಿದ ತಿಮ್ಮಯ್ಯ, ತೂಬಿನ ಕೆಳಗೆ ಮೂರು ಎಕರೆ ಗದ್ದೆ ಇರುವವರು, ನೆಟ್ಟಗೆ ಚೌಡಯ್ಯನ ಮನೆ ಬಾಗಿಲಿಗೆ ಬಂದು, ಬೀದಿಯವರೆಲ್ಲ ಕೇಳುವ ಹಾಗೆ ನೀರುಗಳ್ಳ ಎಂದು ಕೂಗಾಡಿ ಹೋಗಿದ್ದರು.

"ಕಚೇರಿಯೋರು ಒಬ್ರು ಬಂದಿದ್ರು," ಎಂದಳು ಪಟ್ಟಲಮ್ಮ. ಅವಳೂ ನಮ್ಮ ಹಿಂದೆಯೇ ಬಂದಿದ್ದಳು. "ಅರ್ಧ ಅಡಿ ಅಂತ ಒತ್ಬುಡು, ಕೆಲ್ಸ ಉಳೀತದೆ ಅಂದ್ರು. ನಾನೂ ಅದ್ನೇ ಅಂದೆ ಕಣಮ್ಮ. ಒತ್ಬುಡು, ನಿಂದೇನ್ ಗಂಟೋಯ್ತದೆ ಅಂತ. ಈ ಮನ್ಸ ಕೇಳಾಕಿಲ್ಲ."

"ಓಗೋದು ನನ್ ಗಂಟೇ ಕಣೆ," ಎಂದು ಚೌಡಯ್ಯ ನನ್ನ ಕಡೆ ತಿರುಗಿದ. "ನಾನು ಅರ್ಧ ಅಡಿ ಅಂತ ಬರ್ದೆ ಅನ್ಕೊ. ಈ ತೂಬ್ ಗಂಟ ನೀರು ಬಂತು ಅಂತಾಯ್ತು. ಕೆಳಗೆ ಗದ್ದೆ ಒಣಗದೆ. ಅಂಗಾರೆ ನೀರೆಲ್ಲೋಯ್ತು? ತೂಬಿನ ಬೀಗ ಯಾರ್ ತಾವದೆ? ನನ್ ತಾವ. ಬರ್ದ್ರೆ ಕೆಲ್ಸ ಉಳೀತದೆ, ನಾನು ಕಳ್ಳ ಆಯ್ತೀನಿ. ನಮ್ಮಪ್ಪನೂ ನೀರ್ಗಂಟಿ, ಅವ್ರಪ್ಪನೂ ನೀರ್ಗಂಟಿ. ಒಣಗಿದ್ ನಾಲೆಗೆ ನೀರಿತ್ತು ಅಂತ ಒಬ್ರೂ ಏಳಿಲ್ಲ. ನಾನೂ ಏಳಾಕಿಲ್ಲ. ತೆಗುದ್ರೆ ತೆಗೀಲಿ ಬುಡು."

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡಲು ನನಗೆ ಮನಸ್ಸಾಗಲಿಲ್ಲ. ಸಾಹೇಬರು ಹೇಳಿದ ಆ ಒಂದು ಸಾಲಿನ ನಿಬಂಧನೆ ಏನು ಮಾಡುತ್ತದೆ ಎಂದು ಈಗ ಅರ್ಥವಾಗಿತ್ತು. ನೀರಿಲ್ಲ ಎಂದು ಹೇಳುವ ದಾರಿಯನ್ನೇ ಅದು ಮುಚ್ಚುತ್ತದೆ. ಚೌಡಯ್ಯನ ಮುಂದೆ ಉಳಿಯುವುದು ಎರಡೇ, ಸುಳ್ಳು ಬರೆದು ಕಳ್ಳ ಅನ್ನಿಸಿಕೊಳ್ಳುವುದು, ಇಲ್ಲವೇ ಬರೆಯದೆ ಸೋಮಾರಿ ಅನ್ನಿಸಿಕೊಳ್ಳುವುದು. ಅದನ್ನು ನನ್ನ ಕೈಯಿಂದ ಮಾಡಿಸಲು ಹೊರಟಿದ್ದರು. ಮಾಡಿದರೆ ನನ್ನ ಕೈ ಮುರಿಯಲಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಬುಧವಾರ ಬೆಳಿಗ್ಗೆ ಆ ಹದಿಮೂರು ಸಾಲುಗಳನ್ನು ತೆಗೆದೆ. ನಮ್ಮ ಡೇಟಾಬೇಸಿನಲ್ಲಿ ಒಂದು ಅಂಕಿಯ ಮೇಲೆ ಇನ್ನೊಂದು ಬರೆದರೆ ಹಳೆಯದು ಸಾಯುವುದಿಲ್ಲ, ಹಿಂದೆ ಸರಿದು ಕೂರುತ್ತದೆ. ಹದಿಮೂರೂ ಅರ್ಧ ಅಡಿಗಳ ಹಿಂದೆ ಚೌಡಯ್ಯನ ಸೊನ್ನೆ ಇತ್ತು. ಮೇಲೆ ಬರೆದದ್ದು ಮಂಡ್ಯ ಕಚೇರಿಯಿಂದ, ಸಾಹೇಬರ ಕೋಣೆಯ ಕಂಪ್ಯೂಟರಿನಲ್ಲಿ, ಮಧ್ಯಾಹ್ನ ನಾಲ್ಕರ ಸುಮಾರಿಗೆ, ತಿಂಗಳ ವರದಿ ಕಳಿಸುವ ಹಿಂದಿನ ದಿನಗಳಲ್ಲಿ. ಹೆಸರಿನ ಜಾಗ ಖಾಲಿ. ಬರೀ ಚೌಡಯ್ಯನದಲ್ಲ. ಕಡೆಯ ತೂಬುಗಳೆಲ್ಲ ಸೇರಿ ಸಾವಿರದ ನೂರಕ್ಕೂ ಹೆಚ್ಚು ಸಾಲುಗಳಿಗೆ ಹೀಗೆ ಹೆಸರಿಲ್ಲದ ನೀರು ಬಂದಿತ್ತು. ಕೈಯಲ್ಲಿ ಒಂದೊಂದೇ ತಿದ್ದಿ ಸಾಹೇಬರಿಗೆ ಬೇಸರವಾಗಿರಬೇಕು. ಅದಕ್ಕೇ ನಿಬಂಧನೆ ಬೇಕಾಗಿತ್ತು.

ಅವರು ನಿಬಂಧನೆ ಹಾಕು ಎಂದಿದ್ದರು. ಹಾಕಿದೆ. ಮೊದಲನೆಯದು, ಸೊನ್ನೆಯೂ ಅಂಕಿಯೇ, ತೆಗೆದುಕೊಳ್ಳಬೇಕು. ತೂಬಿಗೆ ಹೋಗದವರು ಅಂಕಿಯ ಜಾಗ ಖಾಲಿ ಬಿಟ್ಟು 'ಹೋಗಿಲ್ಲ' ಎಂದು ಗುರುತು ಹಾಕಬೇಕು, ಸೋಮವಾರವಾದರೂ ಸರಿ. ಕೊನೆಯದು, ಬರೆದವರ ಹೆಸರಿಲ್ಲದೆ ಯಾವ ಸಾಲೂ ಒಳಗೆ ಬರಕೂಡದು, ಹಳೆಯದರ ಮೇಲೆ ಬರೆಯುವುದಕ್ಕೂ ಅದೇ ಮಾತು. ಅವರವರ ಗುಪ್ತಸಂಖ್ಯೆ ಒತ್ತಿದರೆ ಮಾತ್ರ ಹೆಸರು ಬೀಳುತ್ತದೆ. ಮೂರೂ ಊರಿನ ಸರ್ವರ್‌ಗಳು ಒಪ್ಪಿಕೊಂಡವು. ಹಳೆಯ ಸಾಲುಗಳ ಪರೀಕ್ಷೆ ಶುರುವಾಯಿತು. ಮಳವಳ್ಳಿಯಿಂದ ಬಂದ ಸಾಲುಗಳಲ್ಲಿ ಒಂದೂ ಸಿಕ್ಕಿಬೀಳಲಿಲ್ಲ, ಮದ್ದೂರಿನವೂ ಹೆಸರು ಹೊತ್ತಿದ್ದವು. ಹೆಸರಿಲ್ಲದೆ ಸಿಕ್ಕಿಬಿದ್ದವೆಲ್ಲ ಮಂಡ್ಯದಲ್ಲಿ, ನನ್ನ ಕುರ್ಚಿಯಿಂದ ಎರಡು ಕೋಣೆ ಆಚೆ ಬರೆದವು. ಅವನ್ನು ನಾನು ತಿದ್ದಲಿಲ್ಲ. ಸಿಕ್ಕಿಬಿದ್ದ ಹಾಗೆಯೇ ಬಿಟ್ಟೆ.

ಗುರುವಾರ ಹನ್ನೊಂದು ಗಂಟೆಗೆ ಸಾಹೇಬರು ಕೂಗಿದ್ದು ಇಡೀ ಕಚೇರಿಗೆ ಕೇಳಿತು.

"ಯಾರನ್ನ ಕೇಳಿ ಹಾಕಿದೆ ಇದನ್ನ? ನನ್ನ ಅಂಕಿ ಯಾಕೆ ತಗೋತಾ ಇಲ್ಲ?"

"ಹೆಸರು ಹಾಕಿದರೆ ತಗೊಳ್ಳುತ್ತೆ ಸರ್."

"ನಾನು ಹೇಳಿದ್ದು ಸೊನ್ನೆ ತೆಗಿ ಅಂತ!"

"ಸೊನ್ನೆ ನೋಡಿಕೊಂಡು ಬಂದೆ ಸರ್, ಮಂಗಳವಾರ. ಅಲ್ಲಿ ನಿಜವಾಗಲೂ ಸೊನ್ನೆನೇ ಇದೆ. ಆ ಹದಿಮೂರು ದಿನದ ಮೇಲೆ ಬರೆದೋರು ಯಾರು ಅಂತಲೂ ನನಗೆ ಗೊತ್ತು."

ಅವರ ಮುಖ ಕೆಂಪಾಯಿತು. ನಿಬಂಧನೆ ತೆಗೆ ಎಂದರು. ತೆಗೆಯುವುದಿಲ್ಲ ಎಂದೆ. ನಿನ್ನ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತದೆ, ನೆನಪಿರಲಿ ಎಂದರು.

"ಮುಗೀಲಿ ಸರ್. ಒಬ್ಬ ಮುದುಕನ ತಲೆ ಮೇಲೆ ಗೂಬೆ ಕೂರಿಸಿ ನನ್ನ ಸಂಬಳ ಎಣಿಸ್ಕೊಳ್ಳೋದು ಬೇಡ. ತೆಗೆಯೋ ಹಾಗಿದ್ದರೆ ನೀವೇ ತೆಗೀರಿ, ಅಧಿಕಾರ ನಿಮಗೂ ಇದೆ. ತೆಗೆದವರ ಹೆಸರು ಮಾತ್ರ ಮೂರೂ ಊರಿನಲ್ಲಿ ಉಳಿಯುತ್ತೆ."

ತೆಗೆಯುವ ಧೈರ್ಯ ಅವರಿಗೆ ಬರಲಿಲ್ಲ. ಆಮೇಲೆ ಮೇಜಿಗೆ ಕೈ ಬಡಿದು ಎದ್ದರು.

"ಹೆಸರು ತಾನೇ ಬೇಕು? ಆ ಚೌಡಯ್ಯನ ಹೆಸರಲ್ಲೇ ಬರೆಸ್ತೀನಿ. ಫೋನು ಸರಿ ಇಲ್ಲ ಅಂತ ಆಮೇಲೆ ಸಬೂಬು ಬೇಡ, ನೀನೂ ನಡಿ."

ಜೀಪಿನಲ್ಲಿ ಪೂರಿಗಾಲಿಗೆ ಹೋದೆವು. ತೂಬಿನ ಹತ್ತಿರ ಚೌಡಯ್ಯನನ್ನು ಕರೆಸಿದರು. ಜೀಪು ಕಂಡು ಊರಿನ ಏಳೆಂಟು ಜನ ಬಂದರು. ತಿಮ್ಮಯ್ಯನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದೆಯೇ ನಿಂತರು. ಪಟ್ಟಲಮ್ಮ ಏರಿಯ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ನೋಡು ಚೌಡಯ್ಯ," ಎಂದರು ಸಾಹೇಬರು, ಈಗ ದನಿ ಬೆಣ್ಣೆಯಾಗಿತ್ತು. "ಅರ್ಧ ಅಡಿ ಅಂತ ಒತ್ತಿಬಿಡು. ನಿನ್ನ ಕೆಲಸ ಖಾಯಂ ಮಾಡಿ ಅಂತ ನಾನೇ ಮೇಲಕ್ಕೆ ಬರೀತೀನಿ. ಒತ್ತಲಿಲ್ಲ ಅಂದರೆ ಇವತ್ತೇ ಕೊನೆ. ನಾಳೆಯಿಂದ ಈ ತೂಬಿನ ಹತ್ತಿರ ಕಾಲಿಡಬೇಡ."

ಮೂವತ್ತು ವರ್ಷ ದಿನಗೂಲಿ ಮಾಡಿದವನಿಗೆ ಖಾಯಂ ಎನ್ನುವ ಮಾತು ಎಷ್ಟು ದೊಡ್ಡದೆಂದು ನನಗೆ ಗೊತ್ತು. ನಮ್ಮಪ್ಪ ಆ ಮಾತಿಗೆ ಕಾದು ಕಾದೇ ನಿವೃತ್ತನಾದ. ಒತ್ತಿದರೆ ಅವನನ್ನು ದೂರುವ ಹಕ್ಕು ನನಗಿರಲಿಲ್ಲ.

ಚೌಡಯ್ಯ ನಾಲೆಯೊಳಕ್ಕೆ ಇಳಿದ. ಗೇಜು ಕಲ್ಲಿನ ಪಕ್ಕ ನಿಂತು, ಅಂಗೈಯನ್ನು ಅರ್ಧ ಅಡಿಯ ಗೆರೆಗೆ ಇಟ್ಟ.

"ಇಲ್ಲಿ ಗಂಟ ನೀರದೆ ಅಂತೀರಾ ಸಾ? ಬನ್ನಿ, ಇಳೀರಿ. ನಿಮ್ ಪ್ಯಾಂಟು ನೆನೆದ್ರೆ ಒತ್ತೀನಿ."

ಜನ ಗೊಳ್ಳೆಂದು ನಕ್ಕರು. ತಿಮ್ಮಯ್ಯನವರು ನಗಲಿಲ್ಲ.

"ಲೇ ಚೌಡ," ಎಂದರು. "ಅಂಗಾರೆ ಗ್ವಾಡೆ ಮ್ಯಾಲೆ ಅದ್ಮೂರು ದಿನ ಅರ್ಧ ಅಡಿ ಅಂತ ಬರ್ದೋರು ಯಾರ್ಲಾ? ನೀನಲ್ವಾ?"

ಉತ್ತರವನ್ನು ನಾನು ಕೊಟ್ಟೆ. "ಅವರಲ್ಲ ತಿಮ್ಮಯ್ಯೋರೇ. ಆ ಹದಿಮೂರು ದಿನಾನೂ ಚೌಡಯ್ಯಣ್ಣ ಸೊನ್ನೆನೇ ಒತ್ತವ್ರೆ. ಅದರ ಮೇಲೆ ಅರ್ಧ ಅಡಿ ಬರೆದದ್ದು ಮಂಡ್ಯ ಕಚೇರಿಯಿಂದ, ಹೆಸರು ಹಾಕದೆ. ಸೊನ್ನೆ ಇನ್ನೂ ಅದರ ಕೆಳಗೆ ಮೂರೂ ಊರಿನ ಕಚೇರೀಲಿ ಹಾಗೇ ಅದೆ. ಬೇಕಾದರೆ ಇಲ್ಲೇ ತೋರಿಸ್ತೀನಿ."

"ಮೋಹಿನಿ!" ಎಂದರು ಸಾಹೇಬರು.

"ನಿಜ ಅಲ್ವಾ ಸರ್? ಅಲ್ಲ ಅಂತ ಹೇಳಿ."

ಸಾಹೇಬರು ಜೀಪಿನ ಕಡೆ ಮುಖ ತಿರುಗಿಸಿದರು. ತಿಮ್ಮಯ್ಯನವರು ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಮುದುರಿದರು. ಚೌಡಯ್ಯ ಮೇಲಕ್ಕೆ ಹತ್ತಿ ಬಂದು ಫೋನನ್ನು ಸಾಹೇಬರ ಕೈಗೆ ಚಾಚಿದ.

"ನನ್ನೆಸ್ರು ಬ್ಯಾಡ ಸಾ. ನೀವೇ ಬರೀರಿ. ಅರ್ಧ ಅಡಿ ಬರೀರಿ, ಒಂದಡಿ ಬರೀರಿ, ನಿಮ್ ಇಷ್ಟ. ನಿಮ್ಮೆಸ್ರು ಆಕಿ ಬರೀರಿ. ಎಲ್ರೂ ನೋಡ್ತೀವಿ."

ಸಾಹೇಬರು ಫೋನು ತೆಗೆದುಕೊಂಡರು. ತೆಗೆದುಕೊಳ್ಳದೆ ವಿಧಿಯಿರಲಿಲ್ಲ. ತಮ್ಮ ಗುಪ್ತಸಂಖ್ಯೆ ಒತ್ತಿದರು, ತೆರೆಯ ಮೇಲೆ ಅವರ ಹೆಸರು ಬಂತು. ಅಂಕಿಯ ಜಾಗಕ್ಕೆ ಬಂದಾಗ ಹೆಬ್ಬೆರಳು ನಿಂತಿತು. ತಿಮ್ಮಯ್ಯನವರು ಅವರ ಭುಜದ ಮೇಲಿಂದ ಇಣುಕುತ್ತಿದ್ದರು. ಒಣ ನಾಲೆಯ ಪಕ್ಕ ನಿಂತು, ಗದ್ದೆ ಕಳೆದುಕೊಂಡವರ ಎದುರಿಗೆ, ನೀರಿದೆ ಎಂದು ತಮ್ಮ ಹೆಸರಿನಲ್ಲಿ ಬರೆಯಬೇಕು. ಎರಡು ತಿಂಗಳು ಅವರು ಚೌಡಯ್ಯನಿಂದ ಕೇಳಿದ್ದು ಇದನ್ನೇ.

"ನೆಟ್‌ವರ್ಕ್ ಸಿಗ್ತಿಲ್ಲ," ಎಂದರು.

"ದಿನಾ ಇಲ್ಲೇ ಸಿಗ್ತದೆ ಸಾ," ಎಂದ ಚೌಡಯ್ಯ. ಫೋನನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಅವರ ಹೆಸರು ಅಳಿಸಿ, ತನ್ನ ಸಂಖ್ಯೆ ಹಾಕಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿಕೊಂಡೇ ಒತ್ತಿದ. "ಚೌಡಯ್ಯ. ಪೂರಿಗಾಲಿ ಕಡೇ ತೂಬು. ಸೊನ್ನೆ." ನನ್ನ ಕಡೆ ತಿರುಗಿ ಕೇಳಿದ, "ಮೂರೂ ಊರ್ಗೂ ಓಯ್ತಾ ತಾಯಿ?"

ನನ್ನ ಫೋನಿನಲ್ಲಿ ನೋಡಿದೆ. "ಹೋಯ್ತು ಚೌಡಯ್ಯಣ್ಣ. ಇನ್ನು ಅದರ ಮೇಲೆ ಹೆಸರಿಲ್ಲದೆ ಯಾರೂ ಬರೆಯಂಗಿಲ್ಲ."

ಚೌಡಯ್ಯ ಸೊಂಟದಿಂದ ತೂಬಿನ ಬೀಗದ ಕೈ ಬಿಚ್ಚಿ ಸಾಹೇಬರ ಮುಂದೆ ಹಿಡಿದ.

"ತಕ್ಕಳಿ ಸಾ. ಸೊನ್ನೆ ಬರ್ದಿದ್ಕೆ ತೆಗುದ್ರು ಅಂತ ಇಷ್ಟು ಜನದ್ ಮುಂದೆ ಒಂದ್ ಮಾತು ಏಳ್ಬುಟ್ಟು ತಕ್ಕಳಿ."

ಸಾಹೇಬರು ಕೈ ಚಾಚುವ ಮೊದಲೇ ತಿಮ್ಮಯ್ಯನವರ ಕೈ ಅಡ್ಡ ಬಂತು. ಅವರು ಆ ಬೀಗದ ಕೈಯನ್ನು ಚೌಡಯ್ಯನ ಮುಷ್ಟಿಯೊಳಗೇ ಮಡಚಿ ಹಿಡಿದರು. ಜಾತಿಯ ಮೇಲುಕೀಳು ಬಿಡದ ಈ ಊರಿನಲ್ಲಿ ಅವರು ಅವನ ಕೈ ಮುಟ್ಟಿದ್ದು ಅದೇ ಮೊದಲು ಎಂದು ಪಟ್ಟಲಮ್ಮ ನನಗೆ ಆಮೇಲೆ ಹೇಳಿದಳು.

"ನಿನ್ ಬಾಗ್ಲಲ್ಲಿ ಕೂಗಾಡ್ದೆ ಕಣ್ಲಾ," ಎಂದರು. "ತಪ್ಪಾಯ್ತು. ಇದ್ನ ಯಾರ್ಗೂ ಕೊಡಬ್ಯಾಡ." ಸಾಹೇಬರ ಕಡೆ ತಿರುಗಿದಾಗ ಅವರ ದನಿ ಏರಿತು. "ನಾಳೀಕೆ ದೊಡ್ಡೋರು ಬತ್ತಾರಂತಲ್ಲ, ಇಲ್ಲೀಗೇ ಕರ್ಕಬನ್ನಿ. ಇವ್ನ ತೆಗುದ್ರೆ ದಿನಾ ಸೊನ್ನೆ ಬರಿಯಾಕೆ ನಾವು ಊರೋರೇ ನಿಂತ್ಕತೀವಿ."

ಸಾಹೇಬರು ಜೀಪು ಹತ್ತಿದರು. ನನ್ನನ್ನು ಹತ್ತು ಎನ್ನಲಿಲ್ಲ. ನಾನೂ ಹತ್ತಲಿಲ್ಲ.